ನಲವತ್ತೆರಡು ಪಟ್ಟೆಗಳ ನಡುವೆ ಗೇಣಕ್ಕ

ಹಸು ಭಾನುವಾರವೂ ತಿನ್ನುತ್ತದೆ. ಹಾಲು ಕುಡಿಯುವ ನಮಗೆಲ್ಲ ಇದು ಗೊತ್ತು. ಆ ಭಾನುವಾರ ಮೇವು ಕೊಯ್ಯುವವರು ಯಾರೆಂದು ಮಾತ್ರ ನಾವು ಕೇಳುವುದಿಲ್ಲ.

ಊರಾಚೆಯ ಡೈರಿಯೊಂದರಲ್ಲಿ ಗೇಣಕ್ಕ ಕೊಯ್ಯುತ್ತಾಳೆ. ಸುಬಾಬುಲ್ ಎಂಬ ಮೇವಿನ ಗಿಡವನ್ನು ಮೊಣಕಾಲಿನ ಮೇಲೆ ಒಂದು ಗೇಣು ಬಿಟ್ಟೇ ಕೊಯ್ಯಬೇಕೆಂದು ಹಟ ಹಿಡಿದವಳಿಗೆ ಆ ಹೆಸರು ಅಂಟಿಕೊಂಡಿತು. ಹನ್ನೊಂದು ವರ್ಷದ ಹಿಂದೆ ಅಲ್ಲಿದ್ದದ್ದು ಬರೀ ಬೀಳು. ಬೀಜವನ್ನು ಬಿಸಿನೀರಲ್ಲಿ ಅದ್ದಿ, ಸಾಲಿಂದ ಸಾಲಿಗೆ ಎರಡು ಮೊಳ ಬಿಟ್ಟು ಬಿತ್ತಿದವಳು ಅವಳು. ಗಿಡ ಆಳೆತ್ತರ ಬೆಳೆಯುವ ತನಕ ಯಾರೂ ಕುಡುಗೋಲು ತಾಗಿಸದಂತೆ ಕಾದವಳೂ ಅವಳೇ. ಹೊಲವನ್ನು ನಲವತ್ತೆರಡು ಪಟ್ಟೆ ಮಾಡಿದಳು. ದಿನಕ್ಕೊಂದು ಕೊಯ್ದು ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ತುಂಬಿರುತ್ತದೆ. ಮೇವು ದುಪ್ಪಟ್ಟಾಯಿತು. ಬಾಗಿಲಿಡದೆ ಮನೆ ಕಟ್ಟಿ ಒಳಗೆ ತಾನೇ ಕೂತಂತಾಯಿತು ಅವಳ ಪಾಡು. ಆ ಸುತ್ತಿನಲ್ಲಿ ರಜೆಗೆಂದು ಒಂದು ದಿನವೂ ಉಳಿದಿರಲಿಲ್ಲ.

ಮಗಳು ಚೊಚ್ಚಲ ಬಸುರಿ, ಒಂಬತ್ತು ತುಂಬಿತ್ತು. ಅವಳ ಊರಿಗೆ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಫೋನು ಮಾಡಿ ಕೇಳಿದಳು.

"ಅಮ್ಮ, ಬರ್ತೀಯೋ ಇಲ್ವೋ? ಒಂದೇ ಮಾತಲ್ಲಿ ಹೇಳು."

"ಬರ್ತೀನಿ ಕಣೇ."

ಗೇಣಕ್ಕ ಹತ್ತು ದಿನ ರಜೆ ಕೇಳಿದಾಗ ಡೈರಿಯ ಧಣಿ ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಬೈದಾದರೂ ಹೋಗಬಹುದಿತ್ತು. "ಮಗಳಿಗಿಂತ ಹೆಚ್ಚಾ? ಹೋಗಕ್ಕ. ನಮ್ಮ ಬಾಮೈದ ನೋಡ್ಕೋತಾನೆ" ಅಂದ.

ಬಾಮೈದನಿಗೆ ಮೂರು ದಿನ ಕಲಿಸಿದಳು. "ಇಲ್ಲಿ ಕೈ ಇಟ್ಟು ಅಳೀಪ್ಪ."

"ನಿನ್ನ ಗೇಣೋ, ನನ್ನ ಗೇಣೋ ಅಕ್ಕ?" ಅಂತ ಅವನು ಹಲ್ಲು ಕಿರಿದ.

ನಾಲ್ಕನೇ ಬೆಳಿಗ್ಗೆ ಬ್ಯಾಗು ಹಿಡಿದೇ ಹೊಲಕ್ಕೆ ಹೋಗಿ ನೋಡಿದಳು. ಆ ದಿನದ ಪಟ್ಟೆಯನ್ನು ಬಾಮೈದ ಪಾದದ ಗಂಟಿನ ಮಟ್ಟಕ್ಕೆ ಬೋಳಿಸಿದ್ದ.

"ನೋಡಕ್ಕ, ನಿನ್ನದಕ್ಕಿಂತ ದೊಡ್ಡ ಹೊರೆ!" ಧಣಿಗೆ ಸಂಭ್ರಮ.

"ಇವತ್ತು ದೊಡ್ಡದೇ ಸ್ವಾಮಿ. ಒಂದು ಎಲೆ ಉಳಿಸಿಲ್ಲ, ಮತ್ತೆ ಚಿಗುರೋಕೆ ಗಿಡಕ್ಕೆ ಶಕ್ತಿ ಎಲ್ಲಿಂದ ಬರ್ಬೇಕು? ಹತ್ತು ದಿನ ಹಿಂಗೇ ಕೊಯ್ದ್ರೆ ಹತ್ತು ಪಟ್ಟೆ ಹೋಯ್ತು ಅನ್ಕೊಳ್ಳಿ."

ಧಣಿ ಅವಳ ಬ್ಯಾಗಿನ ಕಡೆ ನೋಡಿದ. "ಅಯ್ಯೋ, ಹಂಗಾದ್ರೆ ಹೆಂಗಕ್ಕ? ನೀನಿಲ್ದೆ ಆಗಲ್ಲ."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ತಾನೇ ಬಿತ್ತಿದ ಗಿಡಗಳ ಮುಂದೆ ಕಾಲು ಕಿತ್ತಿಡಲಾರದೆ ನಿಂತಳು. ಕೊಟ್ಟಿಗೆಯ ಮೊಳೆಗೆ ಬ್ಯಾಗು ನೇತುಹಾಕಿ ಕುಡುಗೋಲು ಎತ್ತಿಕೊಂಡಳು.

ಅದಾಗಿ ಆರನೇ ದಿನ ಮಗಳ ಫೋನು ಬಂತು. "ಹೆಣ್ಣು ಮಗು ಅಮ್ಮ! ಅಳ್ತಿದೆ, ಕೇಳಿಸ್ತಾ?"

ಪಕ್ಕದಲ್ಲಿ ಮೇವು ಕತ್ತರಿಸುವ ಯಂತ್ರ ಗರಗರ ಅನ್ನುತ್ತಿತ್ತು. "ಹ್ಞೂಂ ಕಣೇ, ಕೇಳಿಸ್ತು" ಅಂತ ಗೇಣಕ್ಕ ಸುಳ್ಳು ಹೇಳಿದಳು.

ಕಲಿಯಲು ಬೆನ್ನು ಬಗ್ಗಿಸದವರು ಹೊಗಳಿಕೆಯಿಂದಲೇ ಹಗ್ಗ ಹೊಸೆಯುತ್ತಾರೆ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ "ನೀನಿಲ್ಲದೆ ಆಗಲ್ಲ" ಎಂದು ಯಾರಿಗೆ ಹೇಳುತ್ತಿದ್ದೀರಿ? ನಾಳೆ ಬೆಳಿಗ್ಗೆ ಅವರ ಪಕ್ಕದಲ್ಲಿ ನಿಂತು ಆ ಕೆಲಸ ಕಲಿಯಿರಿ. ಹಲ್ಲು ಕಿರಿಯದೆ ಕಲಿಯಿರಿ. ಆಮೇಲೆ ಅವರನ್ನು ಬಸ್ಸು ಹತ್ತಿಸಿ ಬನ್ನಿ.