ಮೇಲಿನಿಂದ ಓದಿಸಿದ ಅಕ್ಕೋರು

ಅಕ್ಕೋರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಸೆಟೆದು ನಿಂತದ್ದು ಹಾಗೇ ಉಳಿದಿತ್ತು. ಬೈಬಲಿನ ಪುಟದ ಮೇಲೆ ಆ ಬೆರಳು ಅಡ್ಡ ಮಲಗಿ ಸಾಲಿನಿಂದ ಸಾಲಿಗೆ ಜಾರುವುದು. ಯಾರಾದರೂ ಅವಸರಪಟ್ಟು ಮುಂದೆ ಹಾರಿದರೆ ಎದ್ದು ಅವರ ಮುಖದತ್ತ ತಿರುಗುವುದು.

ಅವರು ಗದಗ ಕಡೆಯ ಕ್ರೈಸ್ತರು, ನಮ್ಮಂತೆಯೇ. ಪುಣೆಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ನಿಗಡಿಯಲ್ಲಿ ಇದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರಿಗೂ ಅಕ್ಕೋರೇ. ಶುಕ್ರವಾರ ಸಂಜೆ ಏಳೆಂಟು ಮಂದಿ ಅವರ ಮನೆಯಲ್ಲಿ ಬೈಬಲ್ ಓದಲು ಕೂಡುತ್ತಿದ್ದೆವು.

ಅವರ ಪದ್ಧತಿ ತೀರ ಸರಳ. ಒಂದು ಸಲಕ್ಕೆ ಅರ್ಧ ಪುಟ, ಹೆಚ್ಚಿಲ್ಲ. ಗಟ್ಟಿಯಾಗಿ ಓದಬೇಕು. ಪುಸ್ತಕ ಮುಚ್ಚಿ, ಓದಿದ್ದನ್ನು ಮನೆಮಾತಿನಲ್ಲಿ ಹೇಳಬೇಕು. ಆಮೇಲೆ ಪ್ರಶ್ನೆಗಳು: ಇದನ್ನು ಯಾರು ಯಾರಿಗೆ ಹೇಳಿದರು? ಹೇಳುವ ಮೊದಲು ಏನು ನಡೆದಿತ್ತು? ನಾಳೆ ಎದ್ದು ನಾನು ಮಾಡಬೇಕಾದ್ದೇನು? ದಪ್ಪ ದಪ್ಪ ವ್ಯಾಖ್ಯಾನಗಳು ಅವರ ಕಪಾಟಿನಲ್ಲಿದ್ದವು. ಇಷ್ಟು ಮುಗಿಯದೆ ಅವುಗಳನ್ನು ಮುಟ್ಟಲು ಬಿಡುತ್ತಿರಲಿಲ್ಲ.

ನಾನು ಪಾತ್ರೆ ವ್ಯಾಪಾರಿ. ತಟ್ಟಿ ನೋಡದೆ ಬೋಗುಣಿ ಕೊಳ್ಳಬೇಡಿ ಎಂದು ಗಿರಾಕಿಗೇ ಹೇಳುವವನು. ಅಂಥವನೂ ಒಂದು ವಚನವನ್ನು ತಟ್ಟಿ ನೋಡದೆ ಎತ್ತಿಕೊಂಡಿದ್ದೆ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ವಾಗ್ದಾನದ ಚೀಟಿ ಎತ್ತುವ ರೂಢಿ. ಒಬ್ಬೊಬ್ಬರಿಗೆ ಒಂದೊಂದು ವಚನ ಬರುತ್ತದೆ. ವರ್ಷವಿಡೀ ಅದೇ ಧೈರ್ಯ. ಆ ವರ್ಷ ತಮ್ಮನೂ ನಾನೂ ಪಾಲಾಗುವುದರಲ್ಲಿದ್ದೆವು. ನಿಗಡಿಯ ಹಳೆಯ ಅಂಗಡಿ ಒಂದು, ವಾಕಡದ ಹೊಸದು ಇನ್ನೊಂದು. ವಾಕಡದಲ್ಲಿ ಹೊಸ ಹೊಸ ಸಂಸಾರಗಳು ಬಂದಿಳಿಯುತ್ತಲೇ ಇರುತ್ತವೆ, ಎಲ್ಲರಿಗೂ ಕುಕ್ಕರ್ ಬೇಕು. ಹಾಗಾಗಿ ಇಬ್ಬರಿಗೂ ಅದೇ ಬೇಕು. ನಮ್ಮಿಬ್ಬರ ನಡುವೆ ಮಾತು ನಿಂತುಹೋಗಿತ್ತು. ನನ್ನ ಚೀಟಿಯಲ್ಲಿ ಬಂದದ್ದು, ನಾಲ್ಕೂ ದಿಕ್ಕು ನೋಡು, ಕಾಣುವ ನೆಲವೆಲ್ಲ ನಿನ್ನದು ಎಂದು ದೇವರು ಅಬ್ರಹಾಮನಿಗೆ ಹೇಳಿದ ಮಾತು. ಇನ್ನೇನು ಬೇಕು? ಶುಕ್ರವಾರ ಅದನ್ನು ಅಕ್ಕೋರ ಮುಂದಿಟ್ಟೆ.

"ವಾಕಡ ನಂದು ಅಂತ ದೇವರ ಹೇಳ್ಯಾನ್ರಿ. ತಮ್ಮಗ ವಕೀಲರ ಕಡೆಯಿಂದ ತಿಳಿಸ್ತೀನಿ."

"ಏನಪಾ, ಬಾಜಾರದಾಗ ಟೊಮ್ಯಾಟೊ ಆರಿಸಿದಂಗ ಬೇಕಾದ್ದಷ್ಟ ಆರಿಸ್ಕೊಂಡಿಯಲ್ಲ," ಎಂದರು. "ಮ್ಯಾಲಿಂದ ಓದು."

ಓದಿದೆ. ದನ ಕಾಯುವವರ ಜಗಳ. ಅಬ್ರಹಾಮ ತಮ್ಮನ ಮಗನನ್ನು ಕರೆದು, ನಮ್ಮಲ್ಲಿ ಜಗಳ ಬೇಡ, ಬೇಕಾದ ಕಡೆ ನೀನೇ ಮೊದಲು ಆರಿಸಿಕೋ ಎನ್ನುತ್ತಾನೆ. ಅವನು ನೀರಾವರಿ ಬಯಲು ಆರಿಸಿ ಹೊರಟುಹೋಗುತ್ತಾನೆ. ನನ್ನ ಚೀಟಿಯ ಮಾತು ಬರುವುದು ಅದಾದ ಮೇಲೆ.

"ಪುಸ್ತಕ ಮುಚ್ಚು. ಯಾರಿಗೆ ಹೇಳಿದ್ದು?"

"ಬಿಟ್ಟುಕೊಟ್ಟಾವಗ್ರಿ."

"ನೀ ಏನ ಬಿಟ್ಟಿ?"

ಅಂಗಡಿಯ ರೂಢಿಯಂತೆ ಒಂದು ಕೈ ನೋಡೋಣವೆಂದು, "ಅರ್ಧಾ ವರ್ಷ ಅವ, ಅರ್ಧಾ ವರ್ಷ ನಾ ಅಂದ್ರ ನಡೀತದೇನ್ರಿ?" ಎಂದೆ.

ಉಳಿದವರು ನಕ್ಕರು, ಅಕ್ಕೋರು ನಗಲಿಲ್ಲ. "ನನ್ನ ಕೂಡ ಯಾಕ ಚೌಕಾಸಿ ಮಾಡ್ತಿ? ನಾಳೆ ಏನ ಮಾಡಬೇಕು ಅನ್ನೂದು ನಿನಗ ಬಿಟ್ಟದ್ದು."

ಮರುದಿನ ತಮ್ಮನ ಮನೆಗೆ ಹೋಗಿ, "ನೀ ಮೊದಲ ಆರಿಸು," ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದರಾಗ ಏನರ ಡಾವ್ ಅದ ಏನಣ್ಣಾ?"

"ಇಲ್ಲೋ ಮಾರಾಯಾ."

ವಾಕಡ ಎಂದ. ಸುಳ್ಳೇಕೆ ಹೇಳಲಿ, ಅವನು ನಿಗಡಿ ಅನ್ನಲಿ ಎಂದೇ ಆಸೆಪಟ್ಟಿದ್ದೆ. ಇವತ್ತಿಗೂ ಅಲ್ಲಿಯ ವ್ಯಾಪಾರವೇ ಜೋರು.

ಶಾಬಾಸ್ ಅನ್ನುತ್ತಾರೆಂದು ಅಕ್ಕೋರಿಗೆ ತಿಳಿಸಿದರೆ, "ಮುಂದಿನ ಅಧ್ಯಾಯನೂ ಓದು," ಎಂದರು. "ಆ ಹುಡುಗ ಸಂಕಟದಾಗ ಸಿಕ್ಕಾಗ ಹಿರ್ಯಾ ಮನ್ಯಾಗ ಕುಂತಿದ್ದಿಲ್ಲ, ಬಿಡಿಸ್ಕೊಂಡ ಬಂದ. ಬಿಟ್ಟುಕೊಟ್ಟು ಕೈ ತೊಳಕೊಂಡ್ರ ಮುಗೀತೇನು?"

ಮುಂದೆ ತಮ್ಮ ಕಾಮಾಲೆಯಾಗಿ ಮಲಗಿದಾಗ ವಾಕಡದ ಗಲ್ಲಾದ ಹಿಂದೆ ಕೂತವನು ನಾನು. "ಯಾ, ಬಸಾ," ಎಂದು ಮರಾಠಿಯಲ್ಲಿ ಗಿರಾಕಿಗಳನ್ನು ಕರೆದು ಕೂಡಿಸಿ ಅವನ ಸರಕು ಮಾರಿದೆ. ಅವನಿಗಿಂತ ಒಳ್ಳೆಯ ಬೆಲೆಗೇ ಮಾರಿದೆ ಅನ್ನಿ.

ನೀವೂ ಓದುವವರಾದರೆ ನನ್ನದೊಂದು ಮಾತು ಕೇಳಿ. ಯಾವ ವಚನ ನಿಮ್ಮ ಪರವಾಗಿಯೇ ಮಾತಾಡುತ್ತಿದೆ ಅನಿಸುತ್ತದೋ ಅಲ್ಲಿ ಹುಷಾರಾಗಿರಿ. ಒಂದು ಪುಟ ಹಿಂದೆ ಹೋಗಿ, ಒಂದು ಪುಟ ಮುಂದೆ ಹೋಗಿ. ಖರ್ಚಿಲ್ಲದ ಕೆಲಸ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣಿಗೆ ತಮ್ಮನೂ ಅಂಗಡಿ ಮುಚ್ಚಿ ಬಂದಿದ್ದ. ಶುಕ್ರವಾರದ ಓದಿಗೆ ಅವನು ಎಂದೂ ಬಂದವನಲ್ಲ.

"ನೀ ಬರ್ತಿ ಅನಕೊಂಡಿದ್ದಿಲ್ಲ," ಎಂದೆ.

"ವಾಕಡ ನನಗ ಕೊಡಿಸಿದವ್ರು ಅವರ ಅಲ್ಲೇನು?"

ನಾನು ಇದನ್ನು ಅವನಿಗೆ ಹೇಳಿರಲಿಲ್ಲ. ಅಕ್ಕೋರೂ ಹೇಳುವವರಲ್ಲ. "ಯಾರ ಹೇಳಿದ್ರು?" ಎಂದೆ.

"ಯಾರ ಹೇಳಬೇಕು? ನೀ ಬಂದದ್ದು ಶುಕ್ರವಾರದ ಓದಿನ ಮರುದಿನ. ಹುಟ್ಟಿದಾಗಿಂದ ನಿನ್ನ ನೋಡೇನಿ. ನಿನ್ನಷ್ಟಕ್ಕ ನೀ ಬಿಡಾವ ಅಲ್ಲ."

ಹಾಗೆಂದವನೇ ನನ್ನ ತೋಳು ಹಿಡಿದು ಕೆಸರು ದಾಟಿಸಿದ. ಇಬ್ಬರೂ ಒಟ್ಟಿಗೆ ಬಾಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು.