ಯಂಕಂಚಿಯ ಜಡೆ, ಪಲ್ಟನ್ನಿನ ಕತ್ತರಿ

ಯಂಕಂಚಿಯಲ್ಲಿ ಇನ್ನೂ ಹೊತ್ತು ಮೂಡಿಲ್ಲ. ಕಸ್ತೂರೆವ್ವನ ಅಂಗಳದಲ್ಲಿ ಖಂಡೆಪ್ಪ ಹಡಪದ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಹಣಿಗೆ, ಎಣ್ಣೆಯ ಬಟ್ಟಲು. ಕತ್ತರಿ ಮಾತ್ರ ಚೀಲದಿಂದ ಹೊರಬಂದಿಲ್ಲ. ಎದುರಿಗೆ ಬೆನ್ನು ಕೊಟ್ಟು ಕೂತಿರುವ ಸೋಮನಿಂಗನಿಗೆ ಹನ್ನೊಂದು ವರ್ಷ. ಅವನ ಜಡೆ ಸೊಂಟ ಮುಟ್ಟುತ್ತದೆ.

"ಹತ್ತು ತಿಂಗಳಾತು, ಒಂದು ಕೂದಲಾ ಉದುರಿಸಿಲ್ಲ. ಇಂಥಾ ಹಡಪದವನ ನಾ ಎಲ್ಲೂ ಕಂಡಿಲ್ಲಪ್ಪಾ," ಎಂದು ಹುಡುಗನ ಅಜ್ಜಿ ಕಸ್ತೂರೆವ್ವ ಒಲೆಯ ಮುಂದಿನಿಂದಲೇ ಚುಚ್ಚುತ್ತಾರೆ.

"ಉದುರಿಸಾಕ ನೀವು ಬಿಡಬೇಕಲ್ಲ, ಯವ್ವಾ," ಎನ್ನುತ್ತ ಖಂಡೆಪ್ಪ ಸಿಕ್ಕು ಬಿಡಿಸುತ್ತಾರೆ.

ಸೋಮನಿಂಗನ ತಂದೆ ಮಾಳಿಂಗಪ್ಪ ಸಿಪಾಯಿ. ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದರು. ಪತ್ತೆಯಿಲ್ಲವೆಂದು ಮೊದಲು ತಂತಿ ಬಂತು. ಸತ್ತರೆಂದು ತಿಳಿಯಬೇಕೆಂಬ ಕಾಗದ ಆಮೇಲೆ ಬಂತು. ಹೆಣ ಬರಲಿಲ್ಲ. ಮಗ ತಿರುಗಿ ಬರುವ ತನಕ ಮೊಮ್ಮಗನ ತಲೆಗೆ ಕತ್ತರಿ ಹಚ್ಚುವುದಿಲ್ಲವೆಂದು ಕಸ್ತೂರೆವ್ವ ಅಮೋಗಸಿದ್ಧನಿಗೆ ಹರಕೆ ಹೊತ್ತರು. ಹರಕೆ ಅಜ್ಜಿಯದು. ಹುಡುಗ ಅದನ್ನು ತನ್ನದೇ ರೀತಿಯಲ್ಲಿ ತಿಳಿದುಕೊಂಡ: ಜಡೆ ಇರುವವರೆಗೆ ಅಪ್ಪ ಜೀವಂತ, ಕತ್ತರಿಸಿದ ದಿನ ಅಪ್ಪ ಸಾಯುತ್ತಾನೆ. ಶಾಲೆಯ ಹುಡುಗರು ಬ್ಲೇಡು ತೋರಿಸಿ ಹೆದರಿಸಿದ ಮೇಲೆ ಶಾಲೆ ಬಿಟ್ಟ. ಮಲಗುವಾಗ ಜಡೆಯನ್ನು ಮುಂಗೈಗೆ ಸುತ್ತಿಕೊಳ್ಳುತ್ತಾನೆ.

ಇದನ್ನು ಅವನು ತಾಯಿಗೂ ಹೇಳಿರಲಿಲ್ಲ. ಖಂಡೆಪ್ಪ ಬರತೊಡಗಿದ ನಾಲ್ಕನೆಯ ತಿಂಗಳು, ಎಣ್ಣೆ ಹಚ್ಚಿಸಿಕೊಳ್ಳುತ್ತ, ಅವರಿಗೆ ಹೇಳಿದ.

"ಮಾರಿ ನೋಡಿ ಕೇಳಿದ್ರ ಹುಡುಗ್ರು ಬಾಯಿ ಬಿಡಂಗಿಲ್ರಿ. ಬೆನ್ನು ಕೊಟ್ಟು ಕುಂತಾಗ ತಾವಾಗೇ ಹೇಳ್ತಾವ. ನಾ ಏನೂ ಕೇಳಂಗಿಲ್ಲ," ಎನ್ನುತ್ತಾರೆ ಖಂಡೆಪ್ಪ.

ಮುಳವಾಡದವರಾದ ಖಂಡೆಪ್ಪ ಹದಿನಾರು ವರ್ಷ ಸೈನ್ಯದ ಪಲ್ಟನ್ನಿನಲ್ಲಿ ಕ್ಷೌರದ ಕೆಲಸ ಮಾಡಿದವರು. ಯುದ್ಧ ಮುಗಿದ ಮರುವರ್ಷ ಮನೆಗೆ ಬಂದರು. ಮುದ್ದೇಬಿಹಾಳದ ಕಡೆಯ ಪಲ್ಟನ್ನಿನ ಗೆಳೆಯ ಮಲ್ಲಣ್ಣ ಯುದ್ಧದಿಂದ ಮರಳಿರಲಿಲ್ಲ. ಅವರ ಮನೆಗೆ ಮಾತಾಡಿಸಲು ಹೋದಾಗ, ನಾಲ್ಕು ತಿಂಗಳಿಂದ ಯಾರೊಂದಿಗೂ ಮಾತಾಡದ ಮಗ ಮೂಲೆಯಲ್ಲಿ ಕೂತಿದ್ದ. ಕೂದಲು ಕಣ್ಣಿಗೆ ಬಿದ್ದಿತ್ತು. ಬೇರೇನೂ ತೋಚದೆ ಖಂಡೆಪ್ಪ ಕತ್ತರಿ ತೆಗೆದರು. ಕಿವಿ ಮಡಚಿ ಹಿಡಿದಾಗ ಹುಡುಗ, "ನಮ್ಮಪ್ಪನೂ ಹಿಂಗ ಹಿಡೀತಿದ್ದ," ಎಂದ. ಆ ದಿನ ಕಟಿಂಗ್ ಮುಗಿಯಲು ಮಧ್ಯಾಹ್ನವಾಯಿತು.

ಸಾಂತ್ವನ ಹೇಳುವವರು ಮೂರನೆಯ ತಿಂಗಳಿಗೆ ಬರುವುದನ್ನು ನಿಲ್ಲಿಸುತ್ತಾರೆ. ಸಿಪಾಯಿಗಳ ಮಕ್ಕಳ ತಲೆ ನೋಡುವ ಖಂಡೆಪ್ಪನವರ ಕೆಲಸ ಶುರುವಾಗುವುದು ಆಮೇಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಇಪ್ಪತ್ತಾರು ಮನೆ, ಮೂವತ್ತೆಂಟು ಮಕ್ಕಳು. ಕೆಲವು ಮಕ್ಕಳ ತಂದೆ ಮನೆಗೆ ಮರಳಿದ್ದಾರೆ, ಕಾಲಿಲ್ಲದೆ, ಇಲ್ಲವೇ ಮಾತಿಲ್ಲದೆ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ, ಇಳಿದ ಊರಿನಿಂದ ತುಳಿಯುತ್ತಾರೆ. ತಿಂಗಳಿಗೊಮ್ಮೆ ಪ್ರತಿ ಮನೆ. ಹೆಣ್ಣುಮಕ್ಕಳ ತಲೆ ಬಾಚಲು ಬಾಗೇವಾಡಿಯ ಸುತ್ತಿನಲ್ಲಿ ಹೆಂಡತಿ ಸಾವಿತ್ರವ್ವ ಜೊತೆಗಿರುತ್ತಾರೆ.

ಮೊದಲ ವರ್ಷ ಬಾಗಿಲುಗಳು ತೆರೆಯಲಿಲ್ಲ. ಸಾವಿನ ಮನೆಯಲ್ಲಿ ತಲೆ ಬೋಳಿಸುವ ಹಡಪದವನು ಕರೆಯದೆ ಬಂದರೆ ಸೂತಕವೇ ಬಂದಂತೆ. ಚಡಚಣದಲ್ಲಿ ಒಬ್ಬ ತಾಯಿ ಅವರ ಮೈಮೇಲೆ ನೀರು ಸುರಿದರು. "ಆಕಿದು ತಪ್ಪಿಲ್ರಿ," ಎನ್ನುತ್ತಾರೆ ಖಂಡೆಪ್ಪ. "ಮರು ತಿಂಗಳ ಒಣಾ ಅಂಗಿ ಹಾಕ್ಕೊಂಡು ಹೋದೆ." ನಮ್ಮಪ್ಪ ನಿಮಗೆ ಗೊತ್ತೇ ಎಂದು ಮಕ್ಕಳು ಕೇಳಿಯೇ ಕೇಳುತ್ತವೆ. ಅವರಿಗೆ ಗೊತ್ತಿದ್ದದ್ದು ಮೂವರು ತಂದೆಯರು ಮಾತ್ರ. ಉಳಿದ ಮಕ್ಕಳಿಗೆ ಇಲ್ಲವೆಂದೇ ಹೇಳುತ್ತಾರೆ. "ಒಂದು ಸುಳ್ಳು ಹೇಳಿದ್ರ ಅದನ್ನ ಜೀವಮಾನ ಸಾಕಬೇಕ್ರಿ."

ಹೋದ ತಿಂಗಳು ಕಸ್ತೂರೆವ್ವನಿಗೆ ಅವರು ನೇರವಾಗಿಯೇ ಹೇಳಿದ್ದರು: "ಹರಕಿ ನಿಮ್ಮದು, ಹೊರೂದು ಹುಡುಗ. ಇದ್ಯಾವ ನ್ಯಾಯ, ಯವ್ವಾ?" ಅಂದು ಚಹಾ ಸಿಗಲಿಲ್ಲ. ಹೀಗೇ ಆದರೆ ಬರುವ ಜೂನಿಗೂ ಹುಡುಗ ಶಾಲೆ ಮುಟ್ಟುವುದಿಲ್ಲ, ಅಪ್ಪನ ಜೀವ ಕಾಯುವ ಕೆಲಸದಲ್ಲೇ ಬೆಳೆದುಬಿಡುತ್ತಾನೆ ಎಂಬುದು ಖಂಡೆಪ್ಪನವರ ಚಿಂತೆ.

ಇಂದು ಕಸ್ತೂರೆವ್ವ ಚಹಾ ಹಿಡಿದು ಹೊರಗೆ ಬರುತ್ತಾರೆ. ಕಾಲಲ್ಲಿ ಚಪ್ಪಲಿಯಿಲ್ಲ.

"ಸೋಮ್ಯಾ, ಈ ಕಡೆ ನೋಡು. ನಿನ್ನಿ ಗುಡಿಗಿ ಹೋಗಿ ಹೇಳಿ ಬಂದೀನಿ. ಹುಡುಗನ ತಲಿ ಬಿಡೋ ನಮ್ಮಪ್ಪಾ, ಸಾಯೂತನಕ ನಾ ಬರಿಗಾಲಲೆ ನಡೀತೇನಿ ಅಂತ. ಇನ್ನ ಹರಕಿ ನನ್ನ ಕಾಲಾಗ ಐತಿ, ನಿನ್ನ ಕೂದಲದಾಗ ಇಲ್ಲ."

"ಅಪ್ಪಗ ಏನರ ಆದ್ರ, ಆಯಿ?"

ಅಜ್ಜಿ ಚಹಾ ಕೆಳಗಿಟ್ಟು ಹುಡುಗನ ಎದುರು ಕೂಡುತ್ತಾರೆ.

"ಆಗೂದು ಆಗಿ ನಾಕು ವರ್ಷ ಆತು, ಕೂಸ. ನಿಮ್ಮಪ್ಪ ಹ್ವಾದ. ಅದು ನಿನ್ನ ಕೈಯಾಗ ಇರಲಿಲ್ಲ. ನನ್ನ ಕೈಯಾಗೂ ಇರಲಿಲ್ಲ."

ಈ ಮಾತು ಆ ಮನೆಯಲ್ಲಿ ಇದೇ ಮೊದಲು. ಹುಡುಗ ಅಳುವುದಿಲ್ಲ. ಮತ್ತೆ ಬೆನ್ನು ತಿರುಗಿಸಿ ಕೂಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, "ಕಾಕಾ, ಒಂದು ಬಟ್ಟಿನಷ್ಟು ತೆಗೀರಿ. ಹೆಚ್ಚಿಗಿ ಬ್ಯಾಡ."

"ಯಾರ ಬಟ್ಟು? ನಂದೋ, ನಿಂದೋ?"

"ನಂದು."

ಸೋಮನಿಂಗ ತನ್ನ ಬೆರಳನ್ನು ಅಡ್ಡ ಹಿಡಿದು ಅಳತೆ ತೋರಿಸುತ್ತಾನೆ. ಖಂಡೆಪ್ಪ ಕತ್ತರಿ ತೆಗೆದು ಅಷ್ಟೇ ಕತ್ತರಿಸಿ, ಕೂದಲನ್ನು ಅವನ ಅಂಗೈಯಲ್ಲಿಡುತ್ತಾರೆ. ಹುಡುಗ ಉಸಿರು ಬಿಗಿಹಿಡಿದು ಬೀದಿಯ ಕಡೆ ನೋಡುತ್ತಾನೆ. ಒಬ್ಬ ಹೆಂಗಸು ನೀರಿಗೆ ಹೋಗುತ್ತಾಳೆ. ಯಾರದೋ ಎಮ್ಮೆ ಕೂಗುತ್ತದೆ. ಬೇರೇನೂ ಆಗುವುದಿಲ್ಲ. ಅವನ ಹೆಗಲು ನಿಧಾನವಾಗಿ ಇಳಿಯುತ್ತದೆ.

"ಎಲ್ಲಾ ತಗದಬಿಡೋ ಖಂಡೆಪ್ಪ, ಒಪ್ಪ್ಯಾನಲ್ಲ," ಎಂದು ಅಜ್ಜಿ ಅವಸರಿಸುತ್ತಾರೆ.

"ಇವತ್ತ ಎಲ್ಲಾ ತೆಗದ್ರ ನನ್ನ ಕೆಲಸ ಮುಗೀತೈತಿ, ಯವ್ವಾ. ಅವಂದು ಮುಗ್ಯಂಗಿಲ್ಲ."

"ಮುಂದಿನ ತಿಂಗಳ ಎರಡು ಬಟ್ಟು," ಎನ್ನುತ್ತಾನೆ ಸೋಮನಿಂಗ.

ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಖಂಡೆಪ್ಪ ಸೈಕಲ್ ಹತ್ತಲು ಸಿದ್ಧ. ಇವತ್ತು ಇನ್ನೂ ಎರಡು ಮನೆಗಳಿವೆ. ಏನು ಆಸೆ ಎಂದರೆ ನಗುತ್ತಾರೆ.

"ಒಂದಿನ ಈ ಹುಡುಗ್ರೆಲ್ಲಾ ನನ್ನ ಕಟಿಂಗ್ ಹಳೇದಾತು ಅಂತ ಬೈದು, ಸಿಂದಗಿ ಸಲೂನಿಗೆ ಹೋಗಿ ಕಿವಿ ಮುಚ್ಚೂ ಹಂಗ ಹಿಪ್ಪಿ ಬಿಡಬೇಕ್ರಿ. ಈಗಾಗಲೇ ಒಂಬತ್ತು ಮಂದಿ ನನ್ನ ಬಿಟ್ಟು ಹೋಗ್ಯಾರ."