ಅವ್ವನಿಗೆ ಎರಡು ನೆರಳು

ಅಂಗಡಿ ಬೋರ್ಡು ಬರೆಯುವವರದೊಂದು ಚಾಳಿ ಉಂಟು, ಸವದತ್ತಿ ಪೇಟೆಯಲ್ಲಿ ತಲೆಯೆತ್ತಿ ನಡೆದರೆ ನಿಮಗೂ ಕಂಡೀತು: ಪ್ರತಿ ಅಕ್ಷರದ ಬಲಗಡೆ ಒಂದು ಕಪ್ಪು ನೆರಳು. ನೆರಳಿಲ್ಲದ ಅಕ್ಷರ ಗೋಡೆ ಬಿಟ್ಟು ಏಳುವುದಿಲ್ಲವೆಂಬ ಗುರುವಾಕ್ಯ ನಂಬಿ, ಕಿರಾಣಿ ಅಂಗಡಿಗೂ ಕಟಿಂಗ್ ಸಲೂನಿಗೂ ಭೇದವಿಲ್ಲದೆ ಆಯುಷ್ಯವಿಡೀ ನೆರಳು ಹಂಚಿದವನು ನಾನು.

ಕಟಕೋಳದ ಅಕ್ಕನ ಮಗಳು ಗೀತಾ ಕಂಪ್ಯೂಟರಿನಲ್ಲಿ ಸಿನಿಮಾ ಮಾಡುವುದನ್ನು ಕಲಿತವಳು. ಈ ದೀಪಾವಳಿಗೆ ಕೈಯಿಂದ ಬರೆದ ಚಿತ್ರಗಳನ್ನೇ ಓಡಿಸುವ ಒಂದು ಪುಟ್ಟ ಸಿನಿಮಾ ಮಾಡೋಣವೆಂದಳು. ಪಾಡ್ಯದ ದಿನ ಅವಳ ಆಯಿ, ಅಂದರೆ ನಮ್ಮವ್ವ, ಸಗಣಿಯಿಂದ ಪಾಂಡವರ ಪುಟ್ಟ ಗೊಂಬೆ ಮಾಡಿ ಹೊಸ್ತಿಲಲ್ಲಿ ಕೂಡಿಸಿ ಪಣತಿ ಇಡುವುದು, ಅಷ್ಟೇ ಕಥೆ. ‘ಚಿತ್ರ ನಿಮ್ಮ ಕೈಯಾವು ಮಾಮಾ, ಬೆಳಕು ನಂದು.’ ತೀರಿಹೋದ ಅವ್ವನದು ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ನೆನಪಿನಿಂದ ಬರೆದ ಅವಳನ್ನು ಅಕ್ಕ ಗುರುತು ಹಿಡಿಯಬೇಕು. ನನ್ನ ಆಸೆಯೂ ಅದೇ, ಅಂಜಿಕೆಯೂ ಅದೇ.

ಶ್ರಾವಣದಿಂದ ಮಹಾನವಮಿಯ ತನಕ ಪೆನ್ಸಿಲು ಹಿಡಿದು ಹಾಳೆ ಮೇಲೆ ಹಾಳೆ ಬರೆದೆ. ಗೀತಾ ಅವನ್ನು ಕಂಪ್ಯೂಟರಿಗೇರಿಸಿ ಪಣತಿಗೆ ಬೆಳಕು ಕೊಟ್ಟಳು ನೋಡ್ರಿ, ಅವ್ವನಿಗೆ ಎರಡು ನೆರಳು! ಒಂದು ಪಣತಿಯ ಬೆಳಕಿನದು, ಇನ್ನೊಂದು ನಾನು ಹಳೇ ಚಾಳಿಯಿಂದ ಹಾಳೆಹಾಳೆಗೂ ಬಲಗಡೆ ತೀಡಿದ್ದು.

‘ಮಾಮಾ, ಆಯಿನ್ನ ಕಿರಾಣಿ ಅಂಗಡಿ ಮಾಡೀರಲ್ರಿ’ ಎಂದು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು, ಎರಡು ದಿನ ಅವಳ ಫೋನು ಎತ್ತಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಗುಣವೇನು ಕಡಿಮೆಯೇ? ಮೂರನೇ ದಿನ ರಬ್ಬರು ಹಿಡಿದು ಕೂತೆ. ನೆರಳು ಕಳಕೊಂಡು ಅವ್ವ ಬರೀ ಗೆರೆಯಾಗಿ ಉಳಿದಾಗ ಮತ್ತೆ ನೆರಳು ತೀಡಲು ಪೆನ್ಸಿಲು ಎತ್ತಿದೆ. ಆದರೆ ಗೆರೆ ಎಳೆದವನೇ ಬೆಳಕಿನ ದಿಕ್ಕನ್ನೂ ಹೇಳಬೇಕೆಂಬ ಹಟ ಯಾವ ನ್ಯಾಯ? ಗೀತಾಳ ಪಣತಿ ಸರಿದಂತೆಲ್ಲ ಆ ಬಡಪಾಯಿ ಗೆರೆಗಳು ಮೈದುಂಬಿಕೊಂಡವು, ಅವ್ವನ ಕೆನ್ನೆಗೆ ಕಾವು ಬಂತು. ಸೋತದ್ದಕ್ಕೆ ನನಗೆ ಖುಷಿಯೇ ಆಯಿತು.

ಪಾಡ್ಯದ ದಿನ ಕಟಕೋಳದಲ್ಲಿ ಅಕ್ಕನ ಮುಂದೆ ಸಿನಿಮಾ ಹಚ್ಚಿದೆವು. ಅವ್ವನ ಮುಖ ಬಂತು, ಹೋಯಿತು. ಅಕ್ಕ ಗುರುತು ಹಿಡಿದ ಸುಳಿವಿರಲಿಲ್ಲ. ಅವ್ವ ಬಗ್ಗಿ ಪಣತಿ ಇಟ್ಟು, ಏಳುವಾಗ ಎಡಗೈಯನ್ನು ಸೊಂಟಕ್ಕೆ ಕೊಟ್ಟಳು. ಬೆಳಕು ಆ ಕೈಯ ಮೇಲೆ ನಿಂತಿತು.

‘ಸೊಂಟದ ನೋವು ಅಕಿ ನನಗೊಬ್ಬಾಕಿಗೇ ಹೇಳಿದ್ಲು. ನಿನಗ ಹೆಂಗ ಗೊತ್ತಾತೋ?’

ನನಗೆ ಗೊತ್ತಿರಲಿಲ್ಲ. ಕಂಡಷ್ಟು ಬರೆದಿದ್ದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು. ‘ಅವ್ವನ್ನ ಇನ್ನೊಮ್ಮೆ ತೋರಸವಾ.’